ಅರ್ಧ ಟ್ಯಾಂಕಿನ ಕೆಳಗೆ

ಡೀಸೆಲ್ ಸೋರಿದರೆ ಯಾರು ಬೇಕಾದರೂ ಕಂಡುಹಿಡಿಯುತ್ತಾರೆ. ನೆಲದ ಮೇಲೆ ಕಲೆ ಇರುತ್ತದೆ, ಮೂಗಿಗೆ ವಾಸನೆ ಬರುತ್ತದೆ, ಬೆರಳಿಗೆ ಜಿಡ್ಡು ಅಂಟುತ್ತದೆ. ಆದರೆ ಹಳೆಯ ಡೀಸೆಲ್ ಕಾರಿನಲ್ಲಿ ಮುಂದಿರುವ ಪಂಪು ಹಿಂದಿರುವ ಟ್ಯಾಂಕಿನಿಂದ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಆ ದಾರಿಯಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿರುತ್ತದೆ, ಪೈಪು ಒಣಗಿರುತ್ತದೆ, ಗಾಡಿ ಮಾತ್ರ ಏರುರಸ್ತೆಯ ನಡುವೆ ಕೆಮ್ಮಿ ಕೈಕೊಡುತ್ತದೆ. ಇದಕ್ಕೆ ನಾವು ‘ಏರ್ ಎಳೀತಾ ಇದೆ’ ಅನ್ನುತ್ತೇವೆ. ನಲವತ್ತು ವರ್ಷ ಈ ಏರ್ ಹುಡುಕಿಯೇ ಹೊಟ್ಟೆ ಹೊರೆದವನು ನಾನು. ಹಾಗಾಗಿ ಈಗ ಹೇಳುತ್ತಿರುವುದು ಕಸುಬು ಗೊತ್ತಿಲ್ಲದವನ ತಪ್ಪಲ್ಲ, ಗೊತ್ತಿದ್ದವನ ತಪ್ಪು. ಅದಕ್ಕೆ ಕ್ಷಮೆ ಕಡಿಮೆ.

ನನ್ನನ್ನು ಎಲ್ಲರೂ ‘ಗುಡುಗು ಮೇಸ್ತ್ರಿ’ ಅನ್ನುತ್ತಾರೆ. ಮುಖಕ್ಕೇ ಅನ್ನುತ್ತಾರೆ, ನನಗೂ ಬೇಸರವಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲಿ. ನನ್ನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ನನ್ನ ಜೊತೆ ದುಡಿದವನು ನನ್ನ ಹೆಂಡತಿಯ ತಮ್ಮ. ಅವನಿಗೆ ‘ಮೌನಿ’ ಅಂತ ಹೆಸರಿಟ್ಟವನು ನಾನೇ. ಬೆಳಗ್ಗೆ ಬಂದರೆ ‘ಭಾವ, ಟೀ ಆಯ್ತಾ’, ಸಂಜೆ ಹೊರಟರೆ ‘ಬರ್ತೀನಿ ಭಾವ’. ಈ ಎರಡರ ನಡುವೆ ಮಾತಿಲ್ಲ, ಕೆಲಸವೇ. ಸ್ಪ್ಯಾನರ್ ಹಿಡಿಯುವುದನ್ನು ನಾನೇ ಕಲಿಸಿದೆ. ಐದಾರು ವರ್ಷದಲ್ಲಿ ಪಂಪು, ಫಿಲ್ಟರು, ಡೀಸೆಲ್ ಪೈಪುಗಳ ಕೆಲಸದಲ್ಲಿ ನನ್ನನ್ನೇ ಮೀರಿಸಿದ. ಗಾಡಿ ಗೇಟಿನೊಳಗೆ ಬರುವ ಸದ್ದು ಕೇಳಿಯೇ, ಬಾನೆಟ್ ಎತ್ತುವ ಮೊದಲೇ, ಎಡಗೈಯಲ್ಲಿ ಬೇಕಾದ ಸ್ಪ್ಯಾನರ್ ಹಿಡಿದು ನಿಂತಿರುತ್ತಿದ್ದ. ನನಗೆ ಹೆಮ್ಮೆಯೂ ಆಗುತ್ತಿತ್ತು, ಒಳಗೊಳಗೆ ಉರಿಯೂ ಆಗುತ್ತಿತ್ತು. ಸುಳ್ಳೇಕೆ ಹೇಳಲಿ?

ನಮ್ಮ ಶೆಡ್ಡಿನಲ್ಲಿ ಎರಡು ಪದ್ಧತಿಗಳಿದ್ದವು, ಎರಡೂ ನಾನು ಮಾಡಿದ್ದು. ಒಂದು, ಬಣ್ಣದ ಗುರುತು. ನಟ್ಟನ್ನು ಪೂರ್ತಿ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪಕ್ಕದ ಲೋಹಕ್ಕೆ ಸೇರುವ ಹಾಗೆ ಒಂದು ಗೆರೆ ಎಳೆಯಬೇಕು. ಮುಂದೆ ನಟ್ಟು ಒಂಚೂರು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ನನ್ನದು ಕೆಂಪು, ಮನೆಯ ಗೇಟಿಗೆ ಬಳಿದು ಉಳಿದದ್ದು. ಮೌನಿಯದು ಹಳದಿ. ಯಾರು ಮಾಡಿದ ಕೆಲಸ ಅಂತ ಹತ್ತು ವರ್ಷ ಆದಮೇಲೂ ಹೇಳಬಹುದು. ಇನ್ನೊಂದು, ಡೀಸೆಲ್ ಕೆಲಸಕ್ಕೆ ಬಂದ ಯಾವ ಗಾಡಿಯನ್ನಾದರೂ ಮೊದಲು ಟ್ಯಾಂಕ್ ತುಂಬಿಸಿ, ಆಮೇಲೆಯೇ ಓಡಿಸಿ ನೋಡುವುದು. ಮೂಲೆಯಲ್ಲಿ ಎರಡು ಡ್ರಮ್ಮು ಡೀಸೆಲ್ ಇಟ್ಟಿರುತ್ತಿದ್ದೆವು. ಅದನ್ನು ಬಟ್ಟೆಯಲ್ಲಿ ಸೋಸಿ ತುಂಬಿಡುವುದು ಮೌನಿಯ ಕೆಲಸ. ತಳದ ಕಸ ಪಂಪಿಗೆ ಹೋಗಬಾರದು ಎನ್ನುವುದು ನನ್ನ ಲೆಕ್ಕಾಚಾರ. “ಹೊಟ್ಟೆ ತುಂಬಿದ ಮೇಲೇನೇ ಕೆಲಸ ಕೇಳಬೇಕು,” ಅಂತ ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದೆ.

ಹೊಲಿಗೆ ಟೀಚರ್ ನಮ್ಮ ಹಳೆಯ ಗಿರಾಕಿ. ಅವರ ಬೂದು ಬಣ್ಣದ ಕಾರು ಏರ್ ಎಳೆಯುತ್ತಾ ನಮ್ಮಲ್ಲಿಗೆ ಮೂರನೇ ಸಲ ಬಂದದ್ದು ಆರು ವರ್ಷದ ಹಿಂದೆ. ಆಕೆ ಹಿಂದಿನ ಡಿಕ್ಕಿಯಲ್ಲಿ ನಾಲ್ಕು ಹೊಲಿಗೆ ಮೆಷಿನ್ ಹಾಕಿಕೊಂಡು ಬೇರೆ ಬೇರೆ ಕಡೆ ಹೋಗಿ ಹೆಣ್ಣುಮಕ್ಕಳಿಗೆ ಕಲಿಸುವವರು. ಗಾಡಿ ದಾರಿಯಲ್ಲಿ ನಿಂತರೆ ಅವತ್ತಿನ ಪಾಠ ಹೋಯಿತು. ಮೊದಲ ಸಲ ಬಂದಾಗ ಮೌನಿ ಫಿಲ್ಟರಿನ ರಬ್ಬರ್ ರಿಂಗ್ ಹಾಕಿದ. ಎರಡನೇ ಸಲ ಪಂಪಿನ ತಾಮ್ರದ ವಾಷರ್‌ಗಳನ್ನೆಲ್ಲ ಬದಲಿಸಿದ. ಎರಡು ಸಲವೂ ನಮ್ಮಲ್ಲಿ ಗಡಿಯಾರದಂತೆ ಓಡಿತು, ವಾರವಾದ ಮೇಲೆ ಮತ್ತೆ ರಸ್ತೆಯಲ್ಲಿ ನಿಂತಿತು. ನನ್ನ ಶೆಡ್ಡಿನಿಂದ ಹೋದ ಗಾಡಿ ಅದೇ ಕಾಯಿಲೆಗೆ ಮೂರನೇ ಸಲ ಬರುವುದೆಂದರೆ ನನಗೆ ಯಾರೋ ಕೆನ್ನೆಗೆ ಹೊಡೆದ ಹಾಗೆ.

ಅವತ್ತು ನಾನು ಬರುವಷ್ಟರಲ್ಲಿ ಮೌನಿ ಆ ಗಾಡಿಯ ಹತ್ತಿರವೇ ಇದ್ದ. ಟೀಚರ್ ಬೆಂಚಿನ ಮೇಲೆ ಕೂತಿದ್ದರು. ಸ್ಪೇರ್ ಪಾರ್ಟ್ಸ್ ಅಂಗಡಿಯವನು ವಾಷರ್ ಪೊಟ್ಟಣ ತಂದು ಅಲ್ಲೇ ನಿಂತಿದ್ದ. ನಾನು ಎಂದಿನಂತೆ ಡ್ರಮ್ಮಿನ ಪೈಪು ಎಳೆದು ಟ್ಯಾಂಕಿನ ಬಾಯಿಗೆ ಇಟ್ಟೆ.

“ಭಾವ, ಟ್ಯಾಂಕ್ ತುಂಬಿಸ್ಬೇಡಿ. ನಿಮ್ಮ ಹತ್ರ ಒಂದು ಮಾತಿದೆ,” ಅಂದ ಮೌನಿ.

“ಮಾತೆಲ್ಲ ಆಮೇಲೆ. ನನಗೇ ಕಲಿಸೋಕೆ ಬರ್ತೀಯಾ?” ಅಂದೆ.

ಟ್ಯಾಂಕ್ ತುಂಬಿತು, ಗಾಡಿ ಸ್ಟಾರ್ಟ್ ಆಯಿತು, ಒಂದು ಕೆಮ್ಮೂ ಇಲ್ಲ. ‘ಇಲ್ಲಿ ಓಡುತ್ತೆ, ರಸ್ತೆಯಲ್ಲಿ ನಿಲ್ಲುತ್ತೆ’ ಅನ್ನುವಂತಿದ್ದ ಟೀಚರ್ ಮುಖ ನೋಡಿ ನನಗೆ ತಲೆ ಕೆಟ್ಟಿತು. ಅಷ್ಟರಲ್ಲಿ ಮೌನಿಯ ಕೈಯಿಂದ ಒಂದು ವಾಷರ್ ಜಾರಿ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಟೀಚರ್ ಚಪ್ಪಲಿಗೆ ತಾಗಿ ನಿಂತಿತು. ನನಗೆ ಅಷ್ಟೇ ಸಾಕಾಯಿತು.

“ನೋಡಿದ್ರಾ ಟೀಚರ್? ಕೈ ನಡುಗೋನಿಗೆ ಡೀಸೆಲ್ ಪೈಪ್ ಕೊಟ್ಟಿದ್ದೇ ನನ್ನ ತಪ್ಪು. ಬಿಗಿ ಮಾಡ್ದೆ ಗುರುತು ಎಳೆದಿದ್ದಾನೆ, ಅದಕ್ಕೇ ಏರ್ ಎಳೀತಿದೆ. ಲೋ, ಇನ್ಮೇಲೆ ನೀನು ಸ್ಪ್ಯಾನರ್ ಮುಟ್ಬೇಡ!”

ಮೌನಿ ನನ್ನನ್ನೊಮ್ಮೆ ನೋಡಿದ. ವಾಷರ್ ಎತ್ತಿ ಮೇಜಿನ ಮೇಲಿಟ್ಟ. ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದುಕೊಂಡು, ಶರ್ಟು ಹಾಕಿಕೊಂಡು ಹೋದ. ‘ಬರ್ತೀನಿ ಭಾವ’ ಅನ್ನಲಿಲ್ಲ. ಸಂಜೆ ಸಿಟ್ಟು ಇಳಿದರೆ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ. ನಾನೂ ಕರೆಯಲು ಹೋಗಲಿಲ್ಲ. ನಾನ್ಯಾಕೆ ಹೋಗಬೇಕು, ಅವನಿಗೆ ಬೇಕಿದ್ದರೆ ಬರಲಿ ಅನ್ನುವ ಜಾತಿಯವನು ನಾನು.

ಆಮೇಲೆ ನಾನೇ ಪಂಪಿನ ವಾಷರ್‌ಗಳನ್ನು ಮತ್ತೊಮ್ಮೆ ಬದಲಿಸಿ, ಟೀಚರ್‌ಗೆ ನನ್ನ ಮಾಮೂಲಿ ಪಾಠ ಹೇಳಿ ಕಳಿಸಿದೆ. “ಮುಳ್ಳು ಅರ್ಧಕ್ಕಿಂತ ಕೆಳಗೆ ಇಳೀಬಾರ್ದು ಟೀಚರ್. ಅರ್ಧ ಆಯ್ತೋ, ತುಂಬಿಸ್ಬಿಡಿ.” ಆಕೆ ಹೇಳಿದ ಮಾತು ಕೇಳುವವರು. ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಗಾಡಿ ಮತ್ತೆ ನಿಲ್ಲಲೇ ಇಲ್ಲ. ನೋಡಿ, ಮೌನಿ ಹೋದ, ಕಾಯಿಲೆಯೂ ಹೋಯಿತು ಅಂತ ನಾನು ಎದೆ ಉಬ್ಬಿಸಿಕೊಂಡೆ. ಸ್ಪೇರ್ ಪಾರ್ಟ್ಸ್ ಅಂಗಡಿಯವನು ದಿನಕ್ಕೆ ಹತ್ತು ಗ್ಯಾರೇಜು ಸುತ್ತುವವನು. ತಿಂಗಳೊಳಗೆ ಎಲ್ಲ ಕಡೆ ಮಾತು ಹಬ್ಬಿತು, ಮೌನಿಗೆ ಕೈ ನಡುಗುತ್ತದಂತೆ, ಸ್ವಂತ ಭಾವನೇ ಹೊರಗೆ ಹಾಕಿದನಂತೆ. ಯಾರೂ ಅವನಿಗೆ ಪಂಪಿನ ಕೆಲಸ ಕೊಡಲಿಲ್ಲ. ಕೊನೆಗೆ ಮಾರ್ಕೆಟ್ ಕಟ್ಟಡದ ಕೆಳಗಿನ ಕಾರ್ ಪಾರ್ಕಿಂಗಿನಲ್ಲಿ ಚೀಟಿ ಕೊಡುವ ಕೆಲಸಕ್ಕೆ ಸೇರಿದ.

ನನ್ನ ಹೆಂಡತಿ ಈ ವಿಷಯದಲ್ಲಿ ಒಂದು ದಿನವೂ ಜಗಳವಾಡಲಿಲ್ಲ. ಭಾನುವಾರ ಡಬ್ಬಿ ಕಟ್ಟಿಕೊಂಡು ತಮ್ಮನ ರೂಮಿಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಹೇಗಿದ್ದಾನೆ ಅಂತ ನಾನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಅವಳು ಜಗಳವಾಡಿದ್ದರೆ ನನಗೆ ಗೆಲ್ಲಲು ಏನಾದರೂ ಸಿಗುತ್ತಿತ್ತು.

ಕಳೆದ ತಿಂಗಳು ಆ ಬೂದು ಕಾರು ಮತ್ತೆ ಬಂತು. ತಾನಾಗಿ ಬರಲಿಲ್ಲ, ಹಗ್ಗ ಕಟ್ಟಿ ಎಳೆದು ತಂದರು.

“ನಮ್ಮಕ್ಕನ ಮಗಳಿಗೆ ಒಂದು ವಾರ ಕೊಟ್ಟಿದ್ದೆ ಮೇಸ್ತ್ರಿ,” ಅಂದರು ಟೀಚರ್. “ಟ್ಯಾಂಕ್ ಖಾಲಿ ಮಾಡಿ ತಂದಿಟ್ಟಿದ್ದಾಳೆ. ಅವತ್ತಿಂದ ಹಳೇ ಕಥೆ ಶುರು. ನಿಲ್ಲುತ್ತೆ, ಸ್ಟಾರ್ಟ್ ಆಗುತ್ತೆ, ಮತ್ತೆ ನಿಲ್ಲುತ್ತೆ. ಬಂಕಿಗೆ ಹೋಗಿ ತುಂಬಿಸೋಕೂ ಆಗ್ತಿಲ್ಲ.”

“ಎರಡು ದಿನ ಬಿಟ್ಟು ಬನ್ನಿ,” ಅಂದೆ.

ಈಗ ಶೆಡ್ಡಿನಲ್ಲಿ ನಾನೊಬ್ಬನೇ. ಡೀಸೆಲ್ ಸೋಸುವವನು ಹೋದ ಮೇಲೆ ಡ್ರಮ್ಮುಗಳು ಖಾಲಿ ಬಿದ್ದು ತುಕ್ಕು ಹಿಡಿದಿವೆ. ಮೊಣಕಾಲು ನೋವು ಬೇರೆ, ಕ್ಯಾನು ಹೊತ್ತು ಬಂಕಿಗೆ ಹೋಗಿ ಬರಲು ಅವತ್ತು ಸೋಮಾರಿತನ. ಮುಳ್ಳು ಕಾಲು ಟ್ಯಾಂಕಿನ ಹತ್ತಿರ ಇತ್ತು. ಇರಲಿ ಬಿಡು, ಹೀಗೇ ನೋಡೋಣ ಅಂದುಕೊಂಡೆ. ನಲವತ್ತು ವರ್ಷದಲ್ಲಿ ಮೊದಲ ಸಲ ಹಸಿದ ಹೊಟ್ಟೆಯ ಗಾಡಿಯನ್ನು ಪರೀಕ್ಷೆಗೆ ನಿಲ್ಲಿಸಿದ್ದೆ.

ಕೀಲಿ ತಿರುಗಿಸಲು ಒಬ್ಬರು ಬೇಕಿತ್ತು. ಹೆಂಡತಿಯನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

“ನಾನು ಹೊಡಿ ಅಂದಾಗ ಸೆಲ್ಫ್ ಹೊಡಿ.”

“ಎಷ್ಟು ಹೊತ್ತು?”

“ನಿಲ್ಸು ಅನ್ನೋವರೆಗೂ.”

“ಬೈಗುಳದ ಮಧ್ಯೆ ನಿಲ್ಸು ಅನ್ನೋದು ನನಗೆ ಕೇಳಿಸಬೇಕಲ್ರೀ,” ಅಂದಳು. ಬಾನೆಟ್ಟಿನ ಹಿಂದೆ ನಾನು ನಕ್ಕದ್ದು ಅವಳಿಗೆ ಕಾಣಲಿಲ್ಲ.

ಫಿಲ್ಟರಿನಿಂದ ಪಂಪಿಗೆ ಹೋಗುವ ಕಪ್ಪು ಪೈಪು ಬಿಚ್ಚಿ, ಅದರ ಜಾಗಕ್ಕೆ ಗಾಜಿನಂತೆ ಒಳಗೆಲ್ಲ ಕಾಣುವ ಪ್ಲಾಸ್ಟಿಕ್ ಪೈಪು ಹಾಕಿದೆ. ಏರ್ ಹುಡುಕುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ. “ಹೊಡಿ!” ಅಂದೆ. ಎಂಜಿನ್ ಹಿಡಿಯಿತು. ಪೈಪಿನೊಳಗೆ ಸಾಲುಸಾಲಾಗಿ ಗುಳ್ಳೆಗಳು ಓಡತೊಡಗಿದವು. ಸಣ್ಣವಲ್ಲ, ಕಡಲೆ ಗಾತ್ರದವು. ಅರ್ಧ ನಿಮಿಷಕ್ಕೆ ಎಂಜಿನ್ ಗೊರಗುಟ್ಟಿ ನಿಂತಿತು.

ಪಂಪು ಸರಿಯಿದೆಯೋ ಇಲ್ಲವೋ ನೋಡಲು ಒಂದು ಡಬ್ಬಿಯಲ್ಲಿ ಡೀಸೆಲ್ ಹಾಕಿ ನೇರವಾಗಿ ಪಂಪಿಗೆ ಕೊಟ್ಟೆ. ಹತ್ತು ನಿಮಿಷ ಓಡಿತು, ಒಂದು ಗುಳ್ಳೆ ಇಲ್ಲ. ಅಂದರೆ ಪಂಪಿನಲ್ಲಿ ದೋಷವಿಲ್ಲ. ಪಾರದರ್ಶಕ ಪೈಪನ್ನು ಫಿಲ್ಟರಿನ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಹಾಕಿದೆ. ಮತ್ತೆ ಗುಳ್ಳೆ. ಹಾಗಾದರೆ ಫಿಲ್ಟರಿನದೂ ತಪ್ಪಿಲ್ಲ. ಫಿಲ್ಟರಿನ ಮೇಲೆ ಟಾರ್ಚ್ ಬಿಟ್ಟಾಗ ಧೂಳಿನ ಅಡಿಯಲ್ಲಿ ಹಳದಿ ಕಾಣಿಸಿತು. ಬಟ್ಟೆಯಲ್ಲಿ ಒರೆಸಿದೆ. ಅವತ್ತು ವಾಷರ್‌ಗಳನ್ನು ನಾನು ಮತ್ತೆ ಬದಲಿಸಿದ್ದು ಪಂಪಿನ ಕಡೆ ಮಾತ್ರ. ಫಿಲ್ಟರಿನ ಐದು ನಟ್ಟುಗಳು ಮೌನಿ ಬಿಟ್ಟು ಹೋದ ಹಾಗೆಯೇ ಇದ್ದವು. ಐದರ ಮೇಲೂ ಗೆರೆ ನೆಟ್ಟಗೆ ಸೇರಿಕೊಂಡಿತ್ತು. ಆರು ವರ್ಷ ಗುಂಡಿ ರಸ್ತೆಯಲ್ಲಿ ಕುಲುಕಾಡಿದರೂ ಒಂದೂ ಕದಲಿರಲಿಲ್ಲ. ನಡುಗುವ ಕೈ ಎಳೆದ ಗೆರೆ ಹಾಗಿರುವುದಿಲ್ಲ.

“ಯಾಕ್ರೀ, ಸುಮ್ಮನಾದ್ರಿ?” ಅಂದಳು ಹೆಂಡತಿ.

“ಏನಿಲ್ಲ. ಹಿಂದಕ್ಕೆ ಹೋಗ್ಬೇಕು,” ಅಂದೆ.

ಗಾಡಿಯ ಕೆಳಗೆ ನುಗ್ಗಿ, ಟ್ಯಾಂಕಿನಿಂದ ಪೈಪು ಹೊರಬರುವ ಜಾಗದಲ್ಲೇ ಪಾರದರ್ಶಕ ಪೈಪು ಸಿಕ್ಕಿಸಿದೆ. ಅಲ್ಲೂ ಗುಳ್ಳೆ. ಇನ್ನು ಉಳಿದದ್ದು ಒಂದೇ ಜಾಗ, ಟ್ಯಾಂಕಿನ ಒಳಗೆ. ಅಲ್ಲಿ ತಳದಿಂದ ಎಣ್ಣೆ ಎಳೆಯುವ ಉದ್ದನೆಯ ಕೊಳವೆ ಇರುತ್ತದೆ. ಅದರ ನಡುಭಾಗದಲ್ಲಿ ಬಿರುಕಿದ್ದರೆ, ಟ್ಯಾಂಕ್ ತುಂಬಿರುವಾಗ ಬಿರುಕು ಎಣ್ಣೆಯಲ್ಲಿ ಮುಳುಗಿರುತ್ತದೆ, ಏನೂ ಗೊತ್ತಾಗುವುದಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿದ ಕೂಡಲೇ ಗಾಳಿ ಎಳೆಯಲು ಶುರು. ‘ಭಾವ, ಟ್ಯಾಂಕ್ ತುಂಬಿಸ್ಬೇಡಿ.’ ಆ ಮಾತು ಆಗ ನೆನಪಾಯಿತು ನೋಡಿ. ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಬಂದದ್ದು ನನ್ನ ಡ್ರಮ್ಮು, ನನ್ನ ಪದ್ಧತಿ, ನನ್ನ ಮಾಮೂಲಿ ಪಾಠ.

ಹಿಂದಿನ ಸೀಟು ಎತ್ತಿದೆ. ಟ್ಯಾಂಕಿನ ಮೇಲೆ ದುಂಡನೆಯ ಮುಚ್ಚಳ, ಸುತ್ತ ಬಳೆಯಂಥ ಬಿಗಿಪಟ್ಟಿ. ಪಟ್ಟಿಯಿಂದ ಟ್ಯಾಂಕಿಗೆ ಎಳೆದ ಗೆರೆ ಇನ್ನೂ ಹೊಸದರ ಹಾಗೆ ಇತ್ತು. ಕೆಂಪು.

ಆಗ ಎಲ್ಲ ನೆನಪಿಗೆ ಬಂತು. ಒಂಬತ್ತು ವರ್ಷದ ಹಿಂದೆ ಆ ಕೊಳವೆ ತುಕ್ಕು ಹಿಡಿದಿತ್ತು. ಹೊಸದು ಅಂಗಡಿಯಲ್ಲಿರಲಿಲ್ಲ, ಟೀಚರ್‌ಗೆ ಮರುದಿನವೇ ಗಾಡಿ ಬೇಕಿತ್ತು. ಮೌನಿ ಅವತ್ತು ರಜೆ. ತುಕ್ಕು ಹಿಡಿದ ಭಾಗ ಕತ್ತರಿಸಿ, ಬೆರಳುದ್ದದ ರಬ್ಬರ್ ಪೈಪು ಹಾಕಿ, ಎರಡು ಕ್ಲಿಪ್ ಬಿಗಿದು ಜೋಡಿಸಿದ್ದೆ. ಸಾಧಾರಣ ರಬ್ಬರನ್ನು ಡೀಸೆಲ್ಲಿನೊಳಗೆ ಮುಳುಗಿಸಿಡಬಾರದು, ಉಬ್ಬಿ ಬಿರಿಯುತ್ತದೆ ಎಂದು ಕೆಲಸ ಕಲಿಯಲು ಬಂದವನಿಗೆ ಮೊದಲ ವಾರವೇ ನಾನು ಹೇಳುವ ಮಾತು. ಮುಂದಿನ ವಾರ ಹೊಸ ಕೊಳವೆ ಬಂದರೆ ಬದಲಿಸೋಣ ಅಂದುಕೊಂಡಿದ್ದೆ. ಅಂದುಕೊಂಡು, ಗುರುತು ಎಳೆದು, ಮರೆತೇಬಿಟ್ಟೆ.

ನನ್ನ ಜೇಬಿನಲ್ಲಿ ಥಿನ್ನರ್ ಬಟ್ಟೆ ಇತ್ತು. ಒಂದು ಸಲ ಒರೆಸಿದ್ದರೆ ಆ ಕೆಂಪು ಹೋಗುತ್ತಿತ್ತು. ಕೈ ಜೇಬಿಗೆ ಹೋಗಿತ್ತು ಕೂಡ, ಇದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ಮುಂದಿನ ಸೀಟಿನಿಂದ ಹೆಂಡತಿ ಹಿಂದಕ್ಕೆ ತಿರುಗಿದ್ದಳು. ಹತ್ತೊಂಬತ್ತು ವರ್ಷ ನಮಗೆ ಟೀ ತಂದುಕೊಟ್ಟವಳು, ಈ ಗುರುತುಗಳ ಅರ್ಥ ಅವಳಿಗೂ ಗೊತ್ತು.

“ಯಾವ ಬಣ್ಣ?” ಅಂದಳು.

ನಾನು ಜೇಬಿನಿಂದ ಕೈ ತೆಗೆದೆ.

“ನಿಮ್ಮನ್ನೇ ಕೇಳ್ತಿರೋದು. ಯಾವ ಬಣ್ಣರೀ?”

“ಕೆಂಪು,” ಅಂದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಕೀಲಿ ತೆಗೆದು ನನ್ನ ಕೈಗಿಟ್ಟು, “ಹೋಗಿ ಅವನಿಗೆ ಹೇಳಿ ಬನ್ನಿ. ನಾನು ಹೇಳಲ್ಲ, ನೀವೇ ಹೇಳ್ಬೇಕು,” ಅಂದು ಮನೆಯೊಳಗೆ ಹೋದಳು.

ಕೊಳವೆಯನ್ನು ಹೊರಗೆ ಎಳೆದಾಗ ರಬ್ಬರ್ ತುಂಡು ಊದಿಕೊಂಡು ಮೆತ್ತಗಾಗಿತ್ತು, ಬಗ್ಗಿಸಿದರೆ ಬಿರುಕು ಬಾಯಿ ತೆರೆಯುತ್ತಿತ್ತು. ಅದನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿಕೊಂಡು ಮಾರ್ಕೆಟ್ ಕಟ್ಟಡಕ್ಕೆ ಹೋದೆ. ಇಳಿಜಾರಿನ ಬಾಯಲ್ಲಿ ಒಂದು ಸಣ್ಣ ಗೂಡು, ಗೂಡಿನಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಮೌನಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗಿಂತ ಹನ್ನೊಂದು ವರ್ಷ ಚಿಕ್ಕವನು.

“ಬನ್ನಿ ಭಾವ. ಟೀ ಆಯ್ತಾ?” ಅಂದ. ಆರು ವರ್ಷ ಅಲ್ಲ, ನಿನ್ನೆ ಸಂಜೆ ಬಿಟ್ಟು ಹೋದವನ ಹಾಗೆ.

ನಾನು ಪೊಟ್ಟಣ ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಅವನು ಮುಟ್ಟಲಿಲ್ಲ, ನೋಡಿದ ಅಷ್ಟೇ.

“ಸಿಕ್ತಾ ಕೊನೆಗೆ?”

“ನಿನಗೆ ಗೊತ್ತಿತ್ತಾ?”

“ಹ್ಞೂಂ. ಗುಳ್ಳೆ ಟ್ಯಾಂಕಿಂದಾನೇ ಬರ್ತಿತ್ತು. ಅವತ್ತು ನೀವು ಬರೋಕೆ ಮುಂಚೆ ಸೀಟ್ ಎತ್ತಿ ನೋಡಿದ್ದೆ. ಗುರುತು ನಿಮ್ಮದು. ಸೀಟ್ ಮತ್ತೆ ಮುಚ್ಚಿಟ್ಟೆ.”

“ಯಾಕೋ ಹೇಳ್ಲಿಲ್ಲ? ಬಾಯಿಗೇನು ಬೀಗ ಹಾಕ್ಕೊಂಡಿದ್ದಾ?” ಅಂದೆ. ತಪ್ಪೊಪ್ಪಿಕೊಳ್ಳಲು ಹೋದವನು ಅಲ್ಲೂ ಕೂಗಾಡಿದೆ. ಹುಟ್ಟುಗುಣ.

“ಟೀಚರ್ ಇದ್ರು, ಅಂಗಡಿಯವನೂ ಇದ್ದ. ಅವರ ಮುಂದೆ ಇದು ಭಾವನ ಕೆಲಸ ಅಂತ ಹೇಗೆ ಹೇಳೋದು? ನಿಮ್ಮ ಮರ್ಯಾದೆ ಏನಾಗ್ಬೇಕು? ಅವರು ಹೋದ ಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಹೇಳ್ಬಿಟ್ರಿ.”

“ಆಮೇಲಾದ್ರೂ ಹೇಳ್ಬಹುದಿತ್ತಲ್ಲೋ.”

“ಆಮೇಲೆ ಹೇಳಿದ್ರೆ, ತಪ್ಪಿಸ್ಕೊಳ್ಳೋಕೆ ಕಥೆ ಕಟ್ತಾನೆ ಅಂತಿದ್ರಿ.”

ಅಂತಿದ್ದೆ. ಖಂಡಿತ ಅಂತಿದ್ದೆ. ಒಂದು ಕಾರು ಬಂದು ನಿಂತಿತು. ಮೌನಿ ಪುಸ್ತಕದಿಂದ ಚೀಟಿ ಹರಿಯಲು ಹೋದ. ಬೆರಳುಗಳು ಚೀಟಿಯನ್ನು ಹಿಡಿಯುವುದಕ್ಕೇ ಎರಡು ಮೂರು ಸಲ ತಡಕಾಡಿದವು, ಹರಿದ ಚೀಟಿ ಕಿಟಕಿಯಿಂದ ಹೊರಗೆ ಹೋಗುವಾಗ ಪಟಪಟ ಅಲುಗಾಡಿತು. ಕಾರಿನವನು ಮುಖ ನೋಡದೆ ಕಿತ್ತುಕೊಂಡು ಹೋದ.

“ಇದು ಯಾವಾಗಿಂದ?”

“ಎರಡು ವರ್ಷ ಆಯ್ತು. ಡಾಕ್ಟ್ರು ಏನೋ ಉದ್ದನೇ ಹೆಸರು ಹೇಳಿದ್ರು. ಮಾತ್ರೆ ತಗೋತಿದ್ದೀನಿ.”

“ಅವತ್ತು?”

“ಅವತ್ತು ಇರ್ಲಿಲ್ಲ ಭಾವ. ವಾಷರ್‌ಗೆ ಡೀಸೆಲ್ ಆಗಿತ್ತು, ಜಾರ್ತು. ಅಷ್ಟೇ.”

“ತಪ್ಪಾಯ್ತು ಕಣೋ,” ಅಂದೆ. ಅರವತ್ತಾರು ವರ್ಷದಲ್ಲಿ ಯಾರಿಗೂ ಹೇಳದ ಮಾತು, ನಾಲಿಗೆಯ ಮೇಲೆ ಒರಟಾಗಿ ಹೊರಳಿತು. “ನಾಳೆಯಿಂದ ಶೆಡ್ಡಿಗೆ ಬಾ. ನೀನು ಸುಮ್ಮನೆ ಕೂತು ಹೇಳು, ನಾನು ಮಾಡ್ತೀನಿ.”

ಅವನು ತಲೆಯಾಡಿಸಿದ. “ಬೇಡ ಭಾವ. ಈ ಕೈ ಇಟ್ಕೊಂಡು ಅಲ್ಲಿ ಕೂತ್ರೆ ಬಂದವರೆಲ್ಲ ಕೈನೇ ನೋಡ್ತಾರೆ. ನನಗೆ ಬೇಕಾಗಿರೋದು ಒಂದೇ. ಯಾರ ಮುಂದೆ ನನ್ನನ್ನ ಅಂದ್ರೋ ಅವರ ಮುಂದೆ ಹೇಳಿ. ಅವತ್ತು ಇವನ ಕೈ ಸರಿಯಿತ್ತು, ಕೆಲಸ ಸರಿಯಿತ್ತು ಅಂತ ಅವರಿಗೆ ಗೊತ್ತಾಗ್ಲಿ. ಅಷ್ಟು ಸಾಕು.”

ಸ್ಪೇರ್ ಪಾರ್ಟ್ಸ್ ಅಂಗಡಿಯವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿ ವರ್ಷಗಳಾಗಿದ್ದವು. ಉಳಿದವರು ಟೀಚರ್ ಒಬ್ಬರೇ. ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಹೊಸ ಕೊಳವೆ ತರಿಸಿದೆ. ನಡುವೆ ಜೋಡಣೆಯಿಲ್ಲದ, ಒಂದೇ ತುಂಡಿನದು. ಹಾಕಿ, ಏರ್ ಬಿಡಿಸಿ, ಕಾಲು ಟ್ಯಾಂಕಿನಲ್ಲೇ ಒಂದು ಗಂಟೆ ಓಡಿಸಿದೆ. ಪಾರದರ್ಶಕ ಪೈಪಿನಲ್ಲಿ ಡೀಸೆಲ್ ನಿಂತ ಹಾಗೆ ಕಾಣುತ್ತಿತ್ತು, ಅಷ್ಟು ಸ್ವಚ್ಛ. ಮರುದಿನ ಬೆಳಗ್ಗೆ ಟೀಚರ್ ಬಂದರು. ಹೆಂಡತಿಯೂ ಬಾಗಿಲಲ್ಲಿ ಬಂದು ನಿಂತಳು. ಹೇಳಬೇಕಾದದ್ದನ್ನು ರಾತ್ರಿಯೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ರಬ್ಬರ್ ತುಂಡು ತೋರಿಸಿದೆ. ಟ್ಯಾಂಕಿನ ಕೆಂಪು ಗೆರೆ ತೋರಿಸಿದೆ, ಫಿಲ್ಟರಿನ ಹಳದಿ ಗೆರೆಗಳನ್ನು ತೋರಿಸಿದೆ. ಯಾವುದು ಯಾರದು ಎಂದು ಬಿಡಿಸಿ ಹೇಳಿದೆ.

“ಅವತ್ತು ನಿಮ್ಮ ಗಾಡಿ ನಿಂತಿದ್ದು ನನ್ನ ಕೆಲಸದಿಂದ ಟೀಚರ್. ನನ್ನ ಭಾವಮೈದುನನ ತಪ್ಪು ಒಂದು ಕೂದಲಷ್ಟೂ ಇರ್ಲಿಲ್ಲ. ನಿಮ್ಮ ಮುಂದೆ ಅವನ ಕೈ ನಡುಗುತ್ತೆ ಅಂದೆನಲ್ಲ, ಅದು ಸುಳ್ಳು.”

ಟೀಚರ್ ರಬ್ಬರ್ ತುಂಡನ್ನು ತಿರುಗಿಸಿ ನೋಡಿ ಮೆಲ್ಲಗೆ ಕೆಳಗಿಟ್ಟರು. ಆಕೆಯ ಕಣ್ಣಲ್ಲಿ ನೀರು ಬಂದಿತ್ತು.

“ನೀವು ದೊಡ್ಡವರು ಮೇಸ್ತ್ರಿ,” ಅಂದರು. “ಆದ್ರೆ ನನ್ನ ಹತ್ರ ಮುಚ್ಚಿಡ್ಬೇಡಿ. ಮಾರ್ಕೆಟ್‌ಗೆ ಹೋದಾಗೆಲ್ಲ ನಾನು ಅಲ್ಲೇ ಗಾಡಿ ನಿಲ್ಸೋದು. ಪಾಪ, ಅವರ ಕೈ ನೋಡಿದ್ದೀನಿ. ಚೀಟಿ ಹರಿಯೋಕೂ ಆಗಲ್ಲ. ಮೂವತ್ತು ವರ್ಷದಿಂದ ಸೂಜಿಗೆ ದಾರ ಪೋಣಿಸೋ ಕೈಗಳನ್ನೇ ನೋಡ್ಕೊಂಡು ಬಂದವಳು ನಾನು, ಅಷ್ಟೂ ಗೊತ್ತಾಗಲ್ವಾ? ನೀವು ಅವತ್ತೇ ಗುರುತಿಸಿದ್ರಿ, ಸರಿಯಾಗೇ ಹೇಳಿದ್ರಿ.”

“ಇಲ್ಲಮ್ಮಾ! ಇದು ಎರಡು ವರ್ಷದಿಂದ ಬಂದಿರೋ ಕಾಯಿಲೆ! ಅವತ್ತು ಇರ್ಲಿಲ್ಲ!” ಶೆಡ್ಡಿನ ತಗಡು ಅದುರುವಂತೆ ಕೂಗಿದೆ.

“ಆಯ್ತು ಮೇಸ್ತ್ರಿ, ಆಯ್ತು,” ಅಂದರು ಆಕೆ, ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. “ನೀವು ಹೇಳಿದ ಹಾಗೇ ಇರ್ಲಿ. ಸಂಬಂಧದವರನ್ನ ಹೀಗೆ ಬಿಟ್ಟುಕೊಡದೇ ಇರೋದು ಈ ಕಾಲದಲ್ಲಿ ಯಾರಿಗೆ ಬರುತ್ತೆ?”

ನಾನು ಇನ್ನೂ ಮೂರು ಸಲ ಹೇಳಿದೆ. ಹೇಳಿದಷ್ಟೂ ಆಕೆಯ ಕಣ್ಣಲ್ಲಿ ನಾನು ಇನ್ನಷ್ಟು ದೊಡ್ಡವನಾದೆ. ಸಾಕ್ಷಿಗೆ ನಟ್ಟುಗಳಿದ್ದವು, ಗೆರೆಗಳಿದ್ದವು. ಆದರೆ ಆಕೆ ಕಂಡಿದ್ದು ಕೈಯನ್ನು. ಕಾರು ಗೇಟು ದಾಟಿ ಹೋಯಿತು, ಒಂದು ಕೆಮ್ಮೂ ಇಲ್ಲದೆ. ಹೆಂಡತಿ ಬಾಗಿಲಲ್ಲಿ ನಿಂತೇ ಇದ್ದಳು.

“ಅವನಿಗೆ ಏನಂತ ಹೇಳ್ತೀರಿ?” ಅಂದಳು.

ರಾತ್ರಿಯೆಲ್ಲ ಹೊರಳಾಡಿ, ನಂಬಿದರು ಅಂತಲೇ ಹೇಳುವುದೆಂದು ತೀರ್ಮಾನ ಮಾಡಿದೆ. ಒಬ್ಬನ ಹೆಸರನ್ನು ಒಂದು ಸುಳ್ಳಿನಿಂದ ಕೆಡಿಸಿದವನು, ಇನ್ನೊಂದು ಸುಳ್ಳಿನಿಂದ ಅವನ ಮನಸ್ಸಿಗಾದರೂ ಒಂದಿಷ್ಟು ನೆಮ್ಮದಿ ಕೊಡಬಹುದು ಅನ್ನಿಸಿತು. ಬೆಳಗ್ಗೆ ಹೆಂಡತಿ ಕೊಟ್ಟ ಡಬ್ಬಿ ಹಿಡಿದು, ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡುತ್ತಾ ಮಾರ್ಕೆಟ್ ಕಟ್ಟಡಕ್ಕೆ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಮೌನಿ ಅಂದ, “ನಿನ್ನೆ ಸಂಜೆ ಟೀಚರ್ ಬಂದಿದ್ರು ಭಾವ. ಗಾಡಿ ಸದ್ದು ಕೇಳ್ದೆ. ಚೆನ್ನಾಗಿ ಮಾಡಿದ್ದೀರಿ, ಏರ್ ಒಂಚೂರೂ ಇಲ್ಲ.”

ನಾನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟೆ.

“ನಿಮ್ಮನ್ನ ಬಾಯ್ತುಂಬ ಹೊಗಳಿದ್ರು. ನನ್ನ ತಪ್ಪನ್ನೆಲ್ಲ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಂತೆ. ಇಂಥ ಭಾವ ಸಿಕ್ಕಿದ್ದು ನನ್ನ ಅದೃಷ್ಟ ಅಂದ್ರು.”

“ನಾನು ಹೇಳ್ದೆ ಕಣೋ. ನಿನ್ನ ಅಕ್ಕನ ಮುಂದೇನೇ ಹೇಳ್ದೆ. ಕೂಗಿ ಹೇಳ್ದೆ.”

“ಗೊತ್ತು ಭಾವ. ನೀವು ಕೂಗಿದ್ದನ್ನೂ ಅವರೇ ಹೇಳಿದ್ರು.”

“ನೀನೇನಂದೆ ಅವರಿಗೆ?”

ಅವನು ಚೀಟಿ ಪುಸ್ತಕವನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಿದ್ದ. ಹಾಗೆ ಹಿಡಿದರೆ ಕೈ ಅಲುಗುವುದು ಅಷ್ಟಾಗಿ ಕಾಣುವುದಿಲ್ಲ.

“ಹೌದು ಮೇಡಂ ಅಂದೆ,” ಅಂದ. “ಇನ್ನೇನು ಅನ್ಲಿ?”

ನನ್ನ ಹಿಂದೆ ಒಂದು ಕಾರು ಬಂದು ಹಾರ್ನ್ ಹೊಡೆಯಿತು. “ಸ್ವಲ್ಪ ಪಕ್ಕಕ್ಕೆ ಬನ್ನಿ ಭಾವ, ಗಾಡಿ ಬಂತು,” ಅಂದ ಮೌನಿ. ನಾನು ಪಕ್ಕಕ್ಕೆ ಸರಿದು ನಿಂತೆ. ಅವನು ಚೀಟಿ ಹರಿಯಲು ಶುರುಮಾಡಿದ.